ಮಹದೇವಪುರ ಬೆಂಗಳೂರಿನ ಕೇಂದ್ರವೇ? ಕ್ಷೇತ್ರ ಪುನರ್‌ವಿಂಗಡಣಾ ಆಯೋಗಕ್ಕೊಂದು ಬಹಿರಂಗ ಪತ್ರ

ಇವರಿಗೆ:
ಮುಂದೆ ರಚನೆಯಾಗಲಿರುವ ಕ್ಷೇತ್ರ ಪುನರ್‌ವಿಂಗಡಣಾ ಆಯೋಗದ ಅಧ್ಯಕ್ಷರು ಮತ್ತು ಸದಸ್ಯರು; ಕರ್ನಾಟಕ ರಾಜ್ಯ ಚುನಾವಣಾ ಆಯುಕ್ತರು; ಆಯೋಗದಲ್ಲಿ ಸಹ ಸದಸ್ಯರಾಗಿ ಕೂರಲಿರುವ ನಮ್ಮ ಸಂಸದರು, ಶಾಸಕರು

ಮಾನ್ಯರೇ,

ದೊಮ್ಮಲೂರಿನಿಂದ ಹಳೇ ಏರ್‌ಪೋರ್ಟ್ ರಸ್ತೆ ಹಿಡಿದು ಮಾರತ್‌ಹಳ್ಳಿ ಕಡೆ ಹೊರಟವರು ಮೊದಲು ಶಾಂತಿನಗರ ವಿಧಾನಸಭಾ ಕ್ಷೇತ್ರದಲ್ಲಿರುತ್ತಾರೆ. ಕೋಡಿಹಳ್ಳಿ, ಕೋನೇನ ಅಗ್ರಹಾರದ ಹೊತ್ತಿಗೆ ಸಿ.ವಿ. ರಾಮನ್ ನಗರಕ್ಕೆ ಬಂದಿರುತ್ತಾರೆ. ಎರಡೂ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದವು. ಎಚ್.ಎ.ಎಲ್. ದಾಟುವಾಗ ರಸ್ತೆ ಕೆ.ಆರ್. ಪುರ ವಿಧಾನಸಭಾ ಕ್ಷೇತ್ರಕ್ಕೆ, ಅಂದರೆ ಬೆಂಗಳೂರು ಉತ್ತರಕ್ಕೆ ಸೇರುತ್ತದೆ. ಮಾರತ್‌ಹಳ್ಳಿ ಬಂತೆಂದರೆ ಮಹದೇವಪುರ, ಮತ್ತೆ ಬೆಂಗಳೂರು ಕೇಂದ್ರ. ಏಳೆಂಟು ಕಿಲೋಮೀಟರ್ ನೇರ ರಸ್ತೆಯಲ್ಲಿ ಸಂಸದರು ಎರಡು ಸಲ ಬದಲಾಗುತ್ತಾರೆ. ನಗರದ ಪೂರ್ವ ತುದಿಯಲ್ಲಿರುವ ಕೆ.ಆರ್. ಪುರದ ವಿಜ್ಞಾನನಗರ, ಎ. ನಾರಾಯಣಪುರ, ಎಚ್.ಎ.ಎಲ್. ಏರ್‌ಪೋರ್ಟ್ ವಾರ್ಡುಗಳು ಸಿ.ವಿ. ರಾಮನ್ ನಗರಕ್ಕೂ ಮಹದೇವಪುರಕ್ಕೂ ನಡುವೆ ಬೆಣೆ ಹೊಡೆದಂತೆ ಕೂತಿವೆ. ಕೇಂದ್ರ ಕ್ಷೇತ್ರ ದಕ್ಷಿಣದಲ್ಲಿ ಬೆಳ್ಳಂದೂರು ಕೆರೆಯ ಕಡೆಯಿಂದ ಸುತ್ತಿಕೊಂಡು ಬಂದು ತನ್ನದೇ ಇನ್ನೊಂದು ಭಾಗವನ್ನು ಕೂಡಿಕೊಳ್ಳುತ್ತದೆ.

ಕ್ಷೇತ್ರಗಳು ಭೌಗೋಳಿಕವಾಗಿ ಒತ್ತಟ್ಟಿಗಿರಬೇಕು, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಕರ್ಯ, ಸಾರ್ವಜನಿಕ ಅನುಕೂಲ ಇವನ್ನೆಲ್ಲ ನೋಡಿ ಗೆರೆ ಎಳೆಯಬೇಕು ಎಂದು 2002ರ ಕ್ಷೇತ್ರ ಪುನರ್‌ವಿಂಗಡಣಾ ಕಾಯ್ದೆಯ 9ನೇ ಕಲಂ ಹೇಳುತ್ತದೆ. ಆ ಕಲಂ ಇದ್ದೂ ಇಂಥ ಗೆರೆ ಹೇಗೆ ಬಂತು, ಮುಂದಿನ ಸಲ ಬಾರದಿರಲು ಏನು ಮಾಡಬೇಕು ಎನ್ನುವುದಷ್ಟೇ ಈ ಪತ್ರದ ವಿಷಯ. ದಕ್ಷಿಣದ ರಾಜ್ಯಗಳಿಗೆ ಎಷ್ಟು ಸೀಟು ಎಂಬ ದೊಡ್ಡ ಜಗಳ ಸಂಸತ್ತಿನಲ್ಲಿ ತೀರಬೇಕಾದದ್ದು, ಅದಕ್ಕೆ ನಾವಿಲ್ಲಿ ಕೈ ಹಾಕುವುದಿಲ್ಲ. ಮಹದೇವಪುರದ ಮತದಾರರ ಪಟ್ಟಿ ಕುರಿತು 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಮಾಡಿದ ಆರೋಪ, ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿದ್ದು, ಅದೂ ಬೇರೆ ಚರ್ಚೆ. ಪಟ್ಟಿ ಎಷ್ಟೇ ಶುದ್ಧವಾದರೂ ಗೆರೆ ತಪ್ಪಿದ್ದರೆ ತಪ್ಪೇ.

ಹಿಂದಿನದನ್ನು ಸ್ವಲ್ಪ ನೋಡೋಣ. 1809ರಲ್ಲಿ ಬ್ರಿಟಿಷರು ದಂಡು ಇಳಿಸಿದಾಗಿನಿಂದ ಬೆಂಗಳೂರು ಎರಡು ಊರಾಗಿತ್ತು: ಪೇಟೆ ಒಂದು, ದಂಡು ಇನ್ನೊಂದು. ಎರಡೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. 1952ರ ಮೊದಲ ಚುನಾವಣೆಗೆ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಎಂಬ ಎರಡು ಲೋಕಸಭಾ ಕ್ಷೇತ್ರಗಳಿದ್ದವು. ಆಮೇಲೆ ಹೆಸರೂ ಗಡಿಯೂ ಬದಲಾದವು. ಬೆಂಗಳೂರು ನಗರ, ಬೆಂಗಳೂರು ಎಂಬ ಹೆಸರುಗಳು ಬಂದವು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು 1962ರಲ್ಲಿ ಬೆಂಗಳೂರು ನಗರದಿಂದಲೂ 1967, 1971ರಲ್ಲಿ ಬೆಂಗಳೂರಿನಿಂದಲೂ ಗೆದ್ದರು. 1971ರ ಜನಗಣತಿ ಹಿಡಿದು ಮಾಡಿದ ವಿಂಗಡಣೆಯ ನಂತರ, 1977ರ ಚುನಾವಣೆಗೆ ಉತ್ತರ, ದಕ್ಷಿಣ ಎಂಬ ಜೋಡಿ ಮರಳಿತು.

ಆ ಎರಡು ಕ್ಷೇತ್ರಗಳ ರಾಜಕೀಯ ಒಂದೇ ಊರಿನದು ಅನ್ನಿಸದಷ್ಟು ಬೇರೆಯಾಗಿತ್ತು. ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ 1977ರಿಂದ 1991ರವರೆಗೆ ಸತತ ಐದು ಸಲ, ಮತ್ತೆ 1998, 1999ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. 1996ರಲ್ಲಿ ಜನತಾದಳದ ಸಿ. ನಾರಾಯಣಸ್ವಾಮಿ, 2004ರಲ್ಲಿ ಬಿಜೆಪಿಯ ಎಚ್.ಟಿ. ಸಾಂಗ್ಲಿಯಾನ ಮಾತ್ರ ನಡುವೆ ಬಂದವರು. ದಕ್ಷಿಣ ಹಾಗಲ್ಲ. 1977ರಲ್ಲಿ ಕೆ.ಎಸ್. ಹೆಗ್ಡೆ, 1980ರಲ್ಲಿ ಟಿ.ಆರ್. ಶಾಮಣ್ಣ, 1984ರಲ್ಲಿ ವಿ.ಎಸ್. ಕೃಷ್ಣ ಅಯ್ಯರ್, ಮೂವರೂ ಜನತಾ ಪಾಳಯದವರು. 1989ರಲ್ಲಿ ಕಾಂಗ್ರೆಸ್‌ನ ಆರ್. ಗುಂಡೂರಾವ್, 1991ರಲ್ಲಿ ಬಿಜೆಪಿಯ ಕೆ. ವೆಂಕಟಗಿರಿಗೌಡ. 1996ರಿಂದ ಆರು ಸಲ ಅನಂತಕುಮಾರ್. ಅವರು ತೀರಿಕೊಂಡ ಮೇಲೆ 2019, 2024ರಲ್ಲಿ ತೇಜಸ್ವಿ ಸೂರ್ಯ.

ಇಷ್ಟೆಲ್ಲ ನಡೆಯುವಾಗ ಗಡಿ ಮಾತ್ರ ಅಲುಗಲಿಲ್ಲ. 1976ರ 42ನೇ ತಿದ್ದುಪಡಿ ಸೀಟುಗಳ ಮರುಹಂಚಿಕೆಗೆ ಬೀಗ ಹಾಕಿತು. 84ನೇ ತಿದ್ದುಪಡಿ ರಾಜ್ಯವಾರು ಸೀಟಿನ ಬೀಗವನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿ, ರಾಜ್ಯದೊಳಗಿನ ಗಡಿ ತಿದ್ದಲು ಮಾತ್ರ ದಾರಿ ಬಿಟ್ಟಿತು. 2003ರ 87ನೇ ತಿದ್ದುಪಡಿ ಅದಕ್ಕೆ 2001ರ ಜನಗಣತಿಯನ್ನು ಆಧಾರವಾಗಿಸಿತು. ಹೀಗಾಗಿ 1971ರಲ್ಲಿ ಹದಿನಾರೂವರೆ ಲಕ್ಷದಷ್ಟಿದ್ದ ನಗರಕ್ಕೆ ಅಳೆದ ಅಂಗಿಯನ್ನು 2004ರ ಬೆಂಗಳೂರೂ ತೊಟ್ಟುಕೊಂಡಿತ್ತು. ಹೊರವಲಯದ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ ದೇಶದಲ್ಲೇ ಅತಿ ದೊಡ್ಡವುಗಳ ಸಾಲಿಗೆ ಸೇರಿತು. ಅದು ಕನಕಪುರ ಲೋಕಸಭಾ ಕ್ಷೇತ್ರದಲ್ಲಿತ್ತು. 2002ರ ಉಪಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ಗೆದ್ದು, 2004ರಲ್ಲಿ ತೇಜಸ್ವಿನಿ ಗೌಡರಿಗೆ ಸೋತ ಕ್ಷೇತ್ರ ಅದೇ. ಹೆಸರು ಕನಕಪುರದ್ದು, ಮತದಾರರ ರಾಶಿ ಬೆಂಗಳೂರಿನದು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಪುನರ್‌ವಿಂಗಡಣಾ ಆಯೋಗದ ಆದೇಶ 2008ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದೇ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಹೊಸ ಗಡಿಯ ಮೇಲೆ ಮೊದಲು ಮತ ಹಾಕಿದ ರಾಜ್ಯ ಕರ್ನಾಟಕ. ಉತ್ತರಹಳ್ಳಿ, ಜಯಮಹಲ್, ಭಾರತಿನಗರ, ಬಿನ್ನಿಪೇಟೆ, ವರ್ತೂರು ಎಂಬ ಕ್ಷೇತ್ರಗಳು ಅಳಿಸಿಹೋದವು. ಬೆಂಗಳೂರು ನಗರ ಜಿಲ್ಲೆಯಲ್ಲಿ 16 ಇದ್ದ ವಿಧಾನಸಭಾ ಕ್ಷೇತ್ರಗಳು 28 ಆದವು.

ಆ 28 ಬಂದ ಲೆಕ್ಕ ಸರಳ. 2001ರಲ್ಲಿ ರಾಜ್ಯದ ಜನಸಂಖ್ಯೆ 5,28,50,562. ಅದನ್ನು 224ರಿಂದ ಭಾಗಿಸಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65,37,124. ಭಾಗಿಸಿದರೆ 27.7, ಅಂದರೆ 28. ಅಲ್ಲಿಯವರೆಗೆ ಯಾರೂ ತಕರಾರು ಮಾಡುವಂತಿಲ್ಲ. ತೊಡಕು ಬಂದದ್ದು ಮುಂದಿನ ಹೆಜ್ಜೆಯಲ್ಲಿ. ಒಂದು ವಿಧಾನಸಭಾ ಕ್ಷೇತ್ರ ಇಡಿಯಾಗಿ ಒಂದೇ ಲೋಕಸಭಾ ಕ್ಷೇತ್ರದಲ್ಲಿರಬೇಕು, ಅದು ಕಾಯ್ದೆಯ ಮಾತು. ರಾಜ್ಯದಲ್ಲಿ 28 ಲೋಕಸಭಾ ಸೀಟು, 224 ವಿಧಾನಸಭಾ ಸೀಟು, ಆದ್ದರಿಂದ ಒಂದಕ್ಕೆ ಎಂಟು. ಜಿಲ್ಲೆಯ 28ರಲ್ಲಿ ಎಂಟೆಂಟರ ಮೂರು ಕಟ್ಟು ಕಟ್ಟಿದರೆ ನಾಲ್ಕು ಉಳಿಯುತ್ತವೆ. ಆ ನಾಲ್ಕನ್ನು ಎಲ್ಲಿ ಇಡುವುದು? ಯಲಹಂಕ ಚಿಕ್ಕಬಳ್ಳಾಪುರಕ್ಕೆ ಹೋಯಿತು. ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್ ಮೂರೂ ಬೆಂಗಳೂರು ಗ್ರಾಮಾಂತರಕ್ಕೆ ಹೋದವು. ಇವತ್ತು ಅತ್ತಿಬೆಲೆಯ ರಾಜ್ಯ ಗಡಿಯಲ್ಲಿರುವ ಕಾರ್ಖಾನೆ ಕೆಲಸಗಾರನಿಗೂ ತುಮಕೂರು ಜಿಲ್ಲೆಯ ಕುಣಿಗಲ್‌ನ ರೈತನಿಗೂ ಒಬ್ಬರೇ ಸಂಸದರು. ಯಲಹಂಕ ನ್ಯೂ ಟೌನ್‌ನವರಿಗೂ ಆಂಧ್ರದ ಅಂಚಿನ ಬಾಗೇಪಲ್ಲಿಯವರಿಗೂ ಒಬ್ಬರೇ. ಗ್ರಾಮಾಂತರದಲ್ಲಿ 2019ರಲ್ಲಿ ಗೆದ್ದ ಡಿ.ಕೆ. ಸುರೇಶ್ ಆ ವರ್ಷ ರಾಜ್ಯದಿಂದ ಆರಿಸಿಬಂದ ಏಕೈಕ ಕಾಂಗ್ರೆಸ್ ಸಂಸದ. 2024ರಲ್ಲಿ ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್ ಸುರೇಶ್ ಅವರನ್ನು ಎರಡೂವರೆ ಲಕ್ಷಕ್ಕೂ ಮೀರಿದ ಅಂತರದಿಂದ ಸೋಲಿಸಿದಾಗ, ಆ ಅಂತರದಲ್ಲಿ ನಗರದ ಕ್ಷೇತ್ರಗಳ ಪಾಲು ದೊಡ್ಡದಿತ್ತು. ಕ್ಷೇತ್ರದ ಹೆಸರು ಈಗಲೂ ಗ್ರಾಮಾಂತರವೇ.

ಬೆಂಗಳೂರು ಕೇಂದ್ರ ಹುಟ್ಟಿದ್ದೂ ಇದೇ ಕೂಡು-ಕಳೆಯುವಿಕೆಯಲ್ಲಿ. ಸರ್ವಜ್ಞನಗರ, ಸಿ.ವಿ. ರಾಮನ್ ನಗರ, ಶಿವಾಜಿನಗರ, ಶಾಂತಿನಗರ, ಗಾಂಧಿನಗರ, ರಾಜಾಜಿನಗರ, ಚಾಮರಾಜಪೇಟೆ ಈ ಏಳಕ್ಕೆ ಒಂದು ತರ್ಕವಿದೆ. ಹಳೇ ಪೇಟೆ, ಹಳೇ ದಂಡು, ಅವೆರಡರ ಸುತ್ತ ಬೆಳೆದ ಬಡಾವಣೆಗಳು. ಕೆ.ಆರ್. ಮಾರುಕಟ್ಟೆ, ಮೆಜೆಸ್ಟಿಕ್, ರಸೆಲ್ ಮಾರುಕಟ್ಟೆ, ಕಮ್ಮನಹಳ್ಳಿ ಒಂದೇ ನಗರದ ಒಳಮೈ. ಎಂಟನೆಯದಾಗಿ ಬಂದದ್ದು ಮಹದೇವಪುರ: ವೈಟ್‌ಫೀಲ್ಡ್, ಕಾಡುಗೋಡಿ, ವರ್ತೂರು, ಬೆಳ್ಳಂದೂರು. 2001ರ ಅಂಕಿಗಳಲ್ಲಿ ಅದು ಅರ್ಧಕ್ಕರ್ಧ ಹಳ್ಳಿಗಾಡು, ಸರಾಸರಿ ತೂಗಿಸಲು ಸರಿಯಾಗಿ ಕೂರುವ ತುಂಡು. ಗೆರೆ ಎಳೆದ ಹೊತ್ತಿಗಾಗಲೇ ಹೊರವರ್ತುಲ ರಸ್ತೆಯ ಉದ್ದಕ್ಕೂ ಕ್ರೇನುಗಳು ನಿಂತಿದ್ದವು. ಆದರೆ ಕಾನೂನಿನ ಕಣ್ಣಿಗೆ ಕಾಣುವುದು ಜನಗಣತಿ ಮಾತ್ರ.

ಮುಂದೇನಾಯಿತು? 2008ರಲ್ಲಿ ಮಹದೇವಪುರದ ಮತದಾರರು ಸುಮಾರು 2.75 ಲಕ್ಷ. 2024ಕ್ಕೆ ಸುಮಾರು 6.6 ಲಕ್ಷ. ಕೇಂದ್ರ ಕ್ಷೇತ್ರದ ಒಟ್ಟು ಮತದಾರರು ಸುಮಾರು 24 ಲಕ್ಷ. ಎಂಟರಲ್ಲಿ ಒಂದಾಗಬೇಕಾದದ್ದು ಕಾಲು ಭಾಗಕ್ಕಿಂತ ಹೆಚ್ಚಾಗಿದೆ. ಕ್ಷೇತ್ರ ಹುಟ್ಟಿದಾಗಿನಿಂದ, 2009, 2014, 2019, 2024ರಲ್ಲಿ, ಬಿಜೆಪಿಯ ಪಿ.ಸಿ. ಮೋಹನ್ ಅವರೇ ಸಂಸದರು. 2009ರಲ್ಲಿ ಅವರ ಎದುರು ಕಾಂಗ್ರೆಸ್‌ನಿಂದ ನಿಂತವರು ಅದೇ ಸಾಂಗ್ಲಿಯಾನ, ಪಕ್ಷ ಬದಲಿಸಿ. ಜೆಡಿಎಸ್‌ನಿಂದ ಜಮೀರ್ ಅಹಮದ್ ಖಾನ್. 2014, 2019ರಲ್ಲಿ ಎದುರಾಳಿ ರಿಜ್ವಾನ್ ಅರ್ಷದ್. 2019ರಲ್ಲಿ ನಟ ಪ್ರಕಾಶ್ ರೈ ಪಕ್ಷೇತರರಾಗಿ ನಿಂತದ್ದೂ ಇಲ್ಲೇ. 2024ರಲ್ಲಿ ಮೋಹನ್ ಪಡೆದ ಮತ 6,58,915, ಕಾಂಗ್ರೆಸ್‌ನ ಮನ್ಸೂರ್ ಅಲಿ ಖಾನ್ ಪಡೆದದ್ದು 6,26,208. ಅಂತರ 32,707. ಮಹದೇವಪುರ ಒಂದರಲ್ಲೇ ಬಿಜೆಪಿಗೆ ಬಂದ ಮುನ್ನಡೆ 1,14,046. ಉಳಿದ ಏಳೂ ಸೇರಿ 81 ಸಾವಿರ ಮತ ಕಾಂಗ್ರೆಸ್ ಕಡೆ ವಾಲಿದ್ದವು. ಯಾರು ಗೆದ್ದರು, ಯಾರು ಸೋತರು ಎಂಬುದನ್ನು ಬದಿಗಿಟ್ಟು ನೋಡಿ. ನಾಳೆ ಪಕ್ಷಗಳು ಅದಲುಬದಲಾಗಬಹುದು. ಒಂದು ಅಂಚಿನ ಕ್ಷೇತ್ರ ಇಷ್ಟು ಊದಿಕೊಂಡರೆ ಉಳಿದ ಏಳರ ಒಲವು ಯಾವ ಕಡೆಯದಾದರೂ ಅದನ್ನು ನುಂಗಿಹಾಕಬಲ್ಲದು. ವೈಟ್‌ಫೀಲ್ಡ್‌ನವರ ಕಡೆಯಿಂದ ನೋಡಿದರೂ ಸುಖವಿಲ್ಲ. 6.6 ಲಕ್ಷ ಮತದಾರರಿಗೆ ಒಬ್ಬರೇ ಶಾಸಕರು. ರಾಜ್ಯದ ಸರಾಸರಿ 2.44 ಲಕ್ಷ.

ಇದರ ಬಿಸಿ ತಟ್ಟುವುದು ಮತದಾನದ ದಿನ ಮಾತ್ರ ಅಲ್ಲ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ತಲಾ 5 ಕೋಟಿ ರೂಪಾಯಿ, ಕ್ಷೇತ್ರ ಎಷ್ಟೇ ದೊಡ್ಡದಿರಲಿ. 2024ರಲ್ಲಿ ರಾಜ್ಯದ ಅತಿ ದೊಡ್ಡ ಕ್ಷೇತ್ರವಾದ ಬೆಂಗಳೂರು ಉತ್ತರದಲ್ಲಿ ಸುಮಾರು 32 ಲಕ್ಷ ಮತದಾರರು, ಉಡುಪಿ-ಚಿಕ್ಕಮಗಳೂರಿನಲ್ಲಿ 16 ಲಕ್ಷಕ್ಕೂ ಕಡಿಮೆ. ತಲೆಗೆ ಹಂಚಿದರೆ ಅಲ್ಲಿ ಮೂವತ್ತೊಂದು ರೂಪಾಯಿ ಮೇಲೆ, ಇಲ್ಲಿ ಹದಿನೈದು ಚಿಲ್ಲರೆ. ಅಭ್ಯರ್ಥಿಯ ಖರ್ಚಿನ ಮಿತಿಯೂ ಎರಡು ಕಡೆ ಒಂದೇ, 95 ಲಕ್ಷ. ಉತ್ತರದಲ್ಲಿ ಅದು ಮತದಾರನೊಬ್ಬನಿಗೆ ಮೂರು ರೂಪಾಯಿಗೂ ಕಡಿಮೆ ಬೀಳುತ್ತದೆ. ಇಷ್ಟರಲ್ಲಿ ಕಾನೂನುಬದ್ಧವಾಗಿ ಒಂದು ಕರಪತ್ರ ಮನೆ ಮುಟ್ಟಿಸುವುದೂ ಕಷ್ಟ. ಇನ್ನು ಜಿಲ್ಲೆಯೊಂದರಲ್ಲೇ ಐವರು ಸಂಸದರ ಪಾಲಿರುವುದರಿಂದ ರೈಲು, ಹೆದ್ದಾರಿಯಂಥ ಕೇಂದ್ರ ಸರ್ಕಾರದ ಕಾಮಗಾರಿ ನಿಂತಾಗ ಯಾರ ಬಾಗಿಲು ತಟ್ಟಬೇಕೆಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಈಗ ಗೆರೆಯ ಮೇಲೆ ನಿಂತು ನೋಡೋಣ, ಏಕೆಂದರೆ ಎಡವಟ್ಟುಗಳು ಹುಟ್ಟುವುದು ಅಲ್ಲೇ. 2008ರ ಆದೇಶ ಹೊರಬಿದ್ದಾಗ 7 ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಹುಟ್ಟಿ ವರ್ಷ ಕಳೆದಿತ್ತು. ಆದರೆ ಕ್ಷೇತ್ರಗಳ ವಿವರಣೆ ಮಾತ್ರ ಹಳೇ ಮಹಾನಗರ ಪಾಲಿಕೆಯ, ಹಳೇ ನಗರಸಭೆಗಳ ವಾರ್ಡ್ ಸಂಖ್ಯೆಗಳಲ್ಲೇ ಇತ್ತು. ಆಮೇಲೆ ವಾರ್ಡುಗಳು 198 ಆದವು. 2022ರಲ್ಲಿ 243 ಎಂದರು, 2023ರಲ್ಲಿ 225 ಎಂದರು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆಗಳಾದ ಮೇಲೆ 369. ಬಿಬಿಎಂಪಿಗೆ 2015ರ ಬಳಿಕ ಚುನಾವಣೆಯೇ ನಡೆದಿರಲಿಲ್ಲ ಎಂಬುದು ಬೇರೆ ಮಾತು. ವಾರ್ಡಿನ ಗೆರೆ ಇಷ್ಟು ಸಲ ಬದಲಾದರೂ ವಿಧಾನಸಭಾ ಕ್ಷೇತ್ರದ ಕಾನೂನುಬದ್ಧ ಗಡಿ ಇಂದಿಗೂ ಚಾಲ್ತಿಯಲ್ಲಿಲ್ಲದ ವಾರ್ಡುಗಳ ಪಟ್ಟಿಗೇ ಜೋತುಬಿದ್ದಿದೆ.

ಅದರಿಂದ ಆಗುವುದೇನು? ಹಳೇ ವಾರ್ಡಿನ ಗಡಿ ಒಂದು ಸರ್ವೆ ನಂಬರಿನ ಬದುವಿನಗುಂಟ ಹೋಗಿರುತ್ತದೆ. ಈಗ ಆ ಬದುವಿನ ಮೇಲೆ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟ್. ಮುಂದಿನ ಗೇಟು ಒಂದು ರಸ್ತೆಗೆ, ಹಿಂದಿನ ಗೇಟು ಇನ್ನೊಂದಕ್ಕೆ. ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್ಒ) ಕೈಯಲ್ಲಿರುವುದು ಮತದಾರರ ಪಟ್ಟಿಯ ಭಾಗ ಸಂಖ್ಯೆಯ ರಸ್ತೆವಾರು ಪಟ್ಟಿ, ಸರ್ವೆ ನಕ್ಷೆ ಅಲ್ಲ. ಎ ಬ್ಲಾಕ್‌ನವರ ಹೆಸರು ಒಂದು ಕ್ಷೇತ್ರದ ಪಟ್ಟಿಯಲ್ಲಿ, ಬಿ ಬ್ಲಾಕ್‌ನವರದು ಪಕ್ಕದ ಕ್ಷೇತ್ರದಲ್ಲಿ ಸೇರುತ್ತದೆ. ಯಾರೋ ಒಬ್ಬರು ಫಾರಂ 8 ತುಂಬಿ ಸರಿಪಡಿಸಲು ಹೋದರೆ, ಮನೆ ಬದಲಾಗದೆ ಕ್ಷೇತ್ರ ಬದಲಾಗುವುದು ಹೇಗೆ ಎಂದು ಅರ್ಜಿ ತಿರಸ್ಕೃತವಾಗಬಹುದು. ರಸ್ತೆಯ ನಡುಮಧ್ಯ ಗಡಿಯಾದಲ್ಲಿ ಇನ್ನೊಂದು ಬಗೆಯ ಪೀಕಲಾಟ. ಎಡಬದಿಯವರಿಗೆ ಹತ್ತಿರದ ಮತಗಟ್ಟೆ ಬಲಬದಿಯ ಶಾಲೆ, ಆದರೆ ಅದು ಬೇರೆ ಕ್ಷೇತ್ರದ್ದಾದ್ದರಿಂದ ಒಂದೂವರೆ ಕಿಲೋಮೀಟರ್ ಸುತ್ತಬೇಕು. ನಗರದ ಮೂರು ಕ್ಷೇತ್ರಗಳಲ್ಲಿ ಮತದಾನ 2024ರಲ್ಲೂ 53-54 ಶೇಕಡಾದಲ್ಲೇ ನಿಂತದ್ದಕ್ಕೆ ಮತದಾರರ ಸೋಮಾರಿತನವೇ ಪೂರ್ತಿ ಕಾರಣ ಎಂದು ನಾವು ಒಪ್ಪುವುದಿಲ್ಲ.

ಹೆಸರುಗಳ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರವಿದೆ. ಬೆಂಗಳೂರು ದಕ್ಷಿಣ ಎಂಬ ವಿಧಾನಸಭಾ ಕ್ಷೇತ್ರವಿದೆ (ಸಂಖ್ಯೆ 176), ಅದು ಆ ಲೋಕಸಭಾ ಕ್ಷೇತ್ರದಲ್ಲಿಲ್ಲ, ಗ್ರಾಮಾಂತರದಲ್ಲಿದೆ. ಅದೇ ಹೆಸರಿನ ತಾಲ್ಲೂಕಿದೆ, 2025ರಿಂದ ಪಾಲಿಕೆಯೂ ಇದೆ. ರಾಮನಗರ ಜಿಲ್ಲೆಗೂ ಈಗ ಬೆಂಗಳೂರು ದಕ್ಷಿಣ ಎಂದೇ ಹೆಸರು. 198 ವಾರ್ಡುಗಳ ಕಾಲದ ಯಶವಂತಪುರ ವಾರ್ಡ್ ಯಶವಂತಪುರ ವಿಧಾನಸಭಾ ಕ್ಷೇತ್ರದಲ್ಲಿರಲಿಲ್ಲ, ರಾಜರಾಜೇಶ್ವರಿನಗರದಲ್ಲಿತ್ತು. ಹೊಸ ಆದೇಶದಲ್ಲಿ ಒಂದು ಹೆಸರು ಒಂದೇ ಜಾಗಕ್ಕೆ ಇರಲಿ. ಇದಕ್ಕೆ ಖರ್ಚೇನೂ ಇಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಮುಖ್ಯ ಕೋರಿಕೆ ಒಂದೇ: ಬೆಂಗಳೂರಿನಲ್ಲಿ ಗೆರೆ ಎಳೆಯುವಾಗ ಇಂದಿನ ಜನಸಂಖ್ಯೆಯ ಜತೆಗೆ ಬೆಳವಣಿಗೆಯ ದಿಕ್ಕನ್ನೂ ನೋಡಿ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಸರಾಸರಿಗಿಂತ ಹತ್ತು ಶೇಕಡಾ ಹೆಚ್ಚು-ಕಡಿಮೆ ಇರಲು ಆಯೋಗ ರೂಢಿಯಲ್ಲಿ ಅವಕಾಶ ಕೊಡುತ್ತ ಬಂದಿದೆ. ಆ ಅವಕಾಶವನ್ನು ಈವರೆಗೆ ತಾಲ್ಲೂಕು, ಹೋಬಳಿ ಒಡೆಯದಿರಲು ಬಳಸಲಾಗಿದೆ. ಅದನ್ನೇ ಇಲ್ಲಿ ಬೆಳವಣಿಗೆಗೂ ಬಳಸಿ. ಸರಾಸರಿ 100 ಎಂದಿಟ್ಟುಕೊಳ್ಳಿ. ಹೊರವಲಯದ ಕ್ಷೇತ್ರ ಹತ್ತು ವರ್ಷದಲ್ಲಿ ಅರ್ಧದಷ್ಟು ಬೆಳೆಯುತ್ತದೆ, ಒಳನಗರದ ಕ್ಷೇತ್ರ ಐದು ಶೇಕಡಾ ಬೆಳೆಯುತ್ತದೆ ಎಂದುಕೊಳ್ಳಿ. ಹೊರಗಿನದನ್ನು 110ರಲ್ಲಿ, ಒಳಗಿನದನ್ನು 90ರಲ್ಲಿ ಆರಂಭಿಸಿದರೆ ದಶಕದ ಕೊನೆಗೆ 165 ಮತ್ತು 94.5, ಒಬ್ಬರ ಮತದ ತೂಕ ಇನ್ನೊಬ್ಬರದಕ್ಕಿಂತ ಒಂದೂಮುಕ್ಕಾಲು ಪಟ್ಟು. ಹೊರಗಿನದನ್ನು 90ರಲ್ಲಿ, ಒಳಗಿನದನ್ನು 110ರಲ್ಲಿ ಆರಂಭಿಸಿದರೆ 135 ಮತ್ತು 115.5, ವ್ಯತ್ಯಾಸ ಆರನೇ ಒಂದು ಭಾಗದಷ್ಟು. ಅದೇ ಕಾನೂನು, ಅದೇ ಮಿತಿ. ಅರ್ಧದಷ್ಟು ಬೆಳವಣಿಗೆ ಎಂಬುದು ಉತ್ಪ್ರೇಕ್ಷೆಯಲ್ಲ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಒಟ್ಟಾರೆಯಾಗಿಯೇ 47 ಶೇಕಡಾ ಬೆಳೆದು 96,21,551 ಆಯಿತು. 2011ರ ಅಂಕಿಯನ್ನೇ ಹಿಡಿದರೂ ಜಿಲ್ಲೆಗೆ 35 ವಿಧಾನಸಭಾ ಸೀಟು ಸಲ್ಲಬೇಕಿತ್ತು.

ಸರಾಸರಿಗಿಂತ ಕಡಿಮೆಯಿಟ್ಟು ಆರಂಭಿಸಿದರೆ ಹೊರವಲಯಕ್ಕೆ ಮೊದಲ ಚುನಾವಣೆಯಲ್ಲಿ ತುಸು ಹೆಚ್ಚು ತೂಕ ಸಿಗುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ, ಸಿಗುತ್ತದೆ. ಆದರೆ ಜನಗಣತಿ ನಡೆದು, ಆಯೋಗ ಕೂತು, ಆದೇಶ ಹೊರಟು, ಚುನಾವಣೆ ಬರುವ ಹೊತ್ತಿಗೆ ಆ ಹೆಚ್ಚುಗಾರಿಕೆ ಕರಗಿರುತ್ತದೆ. 2001ರ ಅಂಕಿಯ ಮೇಲೆ 2008ರಲ್ಲಿ ಮತ ಹಾಕಿದ್ದು ನೆನಪಿರಲಿ.

ಎರಡನೆಯದು, ಗುಂಪು ಕಟ್ಟುವ ಕ್ರಮ. ವಾಯವ್ಯ ಮೂಲೆಯಿಂದ ಎಣಿಕೆ ಆರಂಭಿಸುವುದು ರೂಢಿ, ಕರ್ನಾಟಕದ 1ನೇ ಕ್ಷೇತ್ರ ನಿಪ್ಪಾಣಿಯಾದದ್ದು ಹಾಗೆ. ಬೆಂಗಳೂರಿಗೆ ಬಂದಾಗ ಇದು ಕೈಕೊಡುತ್ತದೆ. ಕೊನೆಯಲ್ಲಿ ಉಳಿದ ತುಂಡುಗಳನ್ನು ಎಲ್ಲೆಲ್ಲೋ ತೂರಿಸಬೇಕಾಗುತ್ತದೆ. ಇಲ್ಲಿ ಒಳಗಿನಿಂದ ಹೊರಕ್ಕೆ ಕಟ್ಟಿಕೊಂಡು ಹೋಗಿ. ಚಾಮರಾಜಪೇಟೆ, ಚಿಕ್ಕಪೇಟೆ, ಗಾಂಧಿನಗರ, ಶಿವಾಜಿನಗರ, ಶಾಂತಿನಗರ, ಸಿ.ವಿ. ರಾಮನ್ ನಗರ ಈ ಆರು ಈಗಾಗಲೇ ಬೆಂಗಳೂರು ಕೇಂದ್ರ ಪಾಲಿಕೆಯಲ್ಲಿ ಒಟ್ಟಿಗಿವೆ. ಲೋಕಸಭಾ ಕೇಂದ್ರ ಕ್ಷೇತ್ರದ ಬುಡ ಇದೇ ಆಗಲಿ, ಪಕ್ಕದ ಬಡಾವಣೆಗಳು ಬಂದು ಸೇರಲಿ. ಪೂರ್ವದಲ್ಲಿ ಕೆ.ಆರ್. ಪುರ, ಮಹದೇವಪುರ ಸೇರಿ ಒಂದು ಪಾಲಿಕೆಯಾಗಿವೆ. ಎರಡರ ಮತದಾರರನ್ನು ಕೂಡಿದರೆ, ಇಂದಿನ ರಾಜ್ಯದ ಸರಾಸರಿಯಂತೆ ಐದು ವಿಧಾನಸಭಾ ಕ್ಷೇತ್ರಕ್ಕೆ ಹತ್ತಿರ ಬರುತ್ತದೆ. ಈ ಪೂರ್ವ ಭಾಗವನ್ನು ಎರಡು ಲೋಕಸಭಾ ಕ್ಷೇತ್ರಗಳಿಗೆ ಹರಿದು ಹಂಚುವ ಬದಲು ಇಡಿಯಾಗಿ ಒಂದರಲ್ಲಿಡಿ. ಉಳಿಕೆ ಎಂಬುದು ಎಷ್ಟು ಮಾಡಿದರೂ ಬರುತ್ತದೆ. ಅದು ಬಂದಾಗ ಒಂದೇ ದಿಕ್ಕಿನಲ್ಲಿ, ಒಂದೇ ಹೆದ್ದಾರಿಯ ಸಾಲಿನಲ್ಲಿ ಇರಲಿ. ಯಲಹಂಕ-ದೇವನಹಳ್ಳಿಗೆ ಬಳ್ಳಾರಿ ರಸ್ತೆಯ ನಂಟಿದೆ, ಅದಕ್ಕೊಂದು ಅರ್ಥವಿದೆ. ಆನೇಕಲ್-ಕುಣಿಗಲ್‌ಗೆ ಅಂಥದ್ದು ಯಾವುದೂ ಕಾಣುವುದಿಲ್ಲ.

ಮೀಸಲು ಕ್ಷೇತ್ರಗಳದು ಸೂಕ್ಷ್ಮ ಕೆಲಸ. ಜಿಲ್ಲೆಯಲ್ಲಿ ಈಗ ಆನೇಕಲ್, ಮಹದೇವಪುರ, ಪುಲಕೇಶಿನಗರ, ಸಿ.ವಿ. ರಾಮನ್ ನಗರ ಪರಿಶಿಷ್ಟ ಜಾತಿಗೆ ಮೀಸಲು. ಮೀಸಲು ಬೀಳುವುದು ಪರಿಶಿಷ್ಟ ಜಾತಿಯ ಪ್ರಮಾಣ ಹೆಚ್ಚಿರುವ ಕಡೆ. ಹಳ್ಳಿಯಾಗಿದ್ದಾಗಿನ ಪ್ರಮಾಣ ಅಪಾರ್ಟ್‌ಮೆಂಟುಗಳು ಬಂದ ಮೇಲೆ ಉಳಿದಿರುವುದಿಲ್ಲ. ನಗರದ ಒಳಗೆ ಕೊಳೆಗೇರಿಗಳು, ಪೌರಕಾರ್ಮಿಕರ ಕಾಲೊನಿಗಳು ವಾರ್ಡಿನ ಅಂಚಿನಲ್ಲೇ ಬೀಳುವುದು ಹೆಚ್ಚು. ಗೆರೆ ಅವುಗಳ ನಡುವೆ ಹಾದರೆ ಎರಡೂ ಕಡೆ ಪ್ರಮಾಣ ಕುಗ್ಗಿ ಮೀಸಲು ಬೇರೆಲ್ಲೋ ಹೋಗುತ್ತದೆ. ವಾರ್ಡಿನ ಒಟ್ಟು ಅಂಕಿ ನೋಡಿದರೆ ಇದು ಕಾಣುವುದೇ ಇಲ್ಲ. ಆರೇಳು ನೂರು ಜನರ ಗಣತಿ ಬ್ಲಾಕಿನ ಮಟ್ಟದಲ್ಲಿ ನೋಡಿದರೆ ಮಾತ್ರ ಕಾಣುತ್ತದೆ.

ಹಾಗೆ ನೋಡಲು ಬ್ಲಾಕುಗಳು ಸರಿಯಾಗಿರಬೇಕು. 2027ರ ಜನಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಗಿತಗೊಳಿಸಲಾಗಿದೆ. 369 ವಾರ್ಡುಗಳ ಅಧಿಸೂಚನೆ ಅದಕ್ಕೆ ಸ್ವಲ್ಪ ಮುಂಚೆ ಬಂತು. ಯಾವ ಗಣತಿ ಬ್ಲಾಕೂ ಎರಡು ವಾರ್ಡಿನಲ್ಲಿ ಅಥವಾ ಎರಡು ವಿಧಾನಸಭಾ ಕ್ಷೇತ್ರದಲ್ಲಿ ಕಾಲಿಟ್ಟಿರಬಾರದು. ಇಟ್ಟಿದ್ದರೆ ಆಯೋಗದ ಮೇಜಿಗೆ ಬರುವ ವಾರ್ಡ್ ಅಂಕಿಯೇ ತಪ್ಪಾಗಿರುತ್ತದೆ, ಆಮೇಲೆ ಎಷ್ಟು ಜಾಣತನ ತೋರಿದರೂ ಅದು ರಿಪೇರಿಯಾಗುವುದಿಲ್ಲ. ರಾಜ್ಯ ಚುನಾವಣಾ ಆಯುಕ್ತರು ಪದನಿಮಿತ್ತ ಸದಸ್ಯರಾಗುವವರು, ವಾರ್ಡ್ ಚುನಾವಣೆ ನಡೆಸುವವರೂ ಅವರೇ. ಆಯೋಗ ಕೂರುವ ಮೊದಲೇ ಈ ಹೊಂದಾಣಿಕೆಯನ್ನು ತಪಾಸಣೆ ಮಾಡಿಸಬಲ್ಲ ಜಾಗದಲ್ಲಿ ಅವರಿದ್ದಾರೆ.

ಸಹ ಸದಸ್ಯರಾಗುವ ಐವರು ಸಂಸದರು, ಐವರು ಶಾಸಕರಿಗೂ ಒಂದು ಮಾತು. ನಿಮಗೆ ಮತ ಹಾಕುವ ಹಕ್ಕಿಲ್ಲ, ತೀರ್ಮಾನಕ್ಕೆ ಸಹಿ ಹಾಕುವ ಹಕ್ಕೂ ಇಲ್ಲ. ಆದರೆ ನಿಮ್ಮ ಭಿನ್ನ ಪ್ರಸ್ತಾವವನ್ನು ಕರಡಿನ ಜತೆ ಪ್ರಕಟಿಸುವ ವ್ಯವಸ್ಥೆ ಕಾಯ್ದೆಯಲ್ಲಿದೆ. ಬೆಂಗಳೂರಿನ ಮಟ್ಟಿಗೆ ಭಿನ್ನ ಪ್ರಸ್ತಾವ ಕೊಡುವವರು ನಕ್ಷೆ ಮತ್ತು ಜನಸಂಖ್ಯೆಯ ಕೋಷ್ಟಕದ ಸಮೇತ ಕೊಡಿ. ಬರೀ ‘ಇಂಥ ವಾರ್ಡ್ ಇಂಥ ಕ್ಷೇತ್ರಕ್ಕೆ ಸೇರಿಸಿ’ ಎಂಬ ಪತ್ರಕ್ಕೆ ಆಯೋಗ ಬೆಲೆ ಕೊಡಬೇಕಾಗಿಲ್ಲ, ಜನ ಅದರ ಹಿಂದಿನ ಲೆಕ್ಕವನ್ನು ಊಹಿಸದೆ ಬಿಡುವುದೂ ಇಲ್ಲ.

ಆಯೋಗದ ಆದೇಶಕ್ಕೆ ಕಾನೂನಿನ ಬಲವಿದೆ. ಲೋಕಸಭೆ, ವಿಧಾನಸಭೆಗಳ ಮುಂದೆ ಇಟ್ಟರೂ ಅವು ಅಕ್ಷರ ತಿದ್ದುವಂತಿಲ್ಲ. ಸಂವಿಧಾನದ 329ನೇ ವಿಧಿ ಕೋರ್ಟಿನ ಬಾಗಿಲನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಮೇಲ್ನೋಟಕ್ಕೇ ಮನಬಂದಂತೆ ಮಾಡಿದ್ದು ಕಂಡರೆ ನ್ಯಾಯಾಲಯ ಕೈಕಟ್ಟಿ ಕೂರಬೇಕಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ ಅದು ಕಿರಿದಾದ ಕಿಂಡಿ. ಆದ್ದರಿಂದ ಜನರ ಪಾಲಿಗೆ ಮಾತಾಡುವ ಹೊತ್ತು ಅಂದರೆ ಕರಡು ಮತ್ತು ಬಹಿರಂಗ ಸಭೆಯ ನಡುವಿನ ಆ ಕೆಲವೇ ವಾರಗಳು. ಆ ವಾರಗಳಿಗೆ ಸಂಬಂಧಿಸಿ ನಮ್ಮ ಕೋರಿಕೆಗಳು ಇಷ್ಟು. ಕರಡಿನ ಜತೆ ಪ್ರತಿ ಕ್ಷೇತ್ರದ ಗಣತಿ ಬ್ಲಾಕುಗಳ ಪಟ್ಟಿ, ಪ್ರತಿ ಬ್ಲಾಕಿನ ಒಟ್ಟು ಮತ್ತು ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆ ಪ್ರಕಟವಾಗಲಿ. ಪಿಡಿಎಫ್ ಚಿತ್ರ ಸಾಲದು, ಯಾರು ಬೇಕಾದರೂ ತೆರೆದು ಅಳೆಯಬಹುದಾದ ಡಿಜಿಟಲ್ ನಕ್ಷೆ ಬೇಕು. ಗಡಿಯ ವಿವರಣೆ ವಾರ್ಡ್ ಸಂಖ್ಯೆಯಲ್ಲಿ ನಿಲ್ಲದೆ ರಸ್ತೆಯ ಹೆಸರು, ರಾಜಕಾಲುವೆ, ರೈಲು ಹಳಿ, ಸರ್ವೆ ನಂಬರುಗಳಲ್ಲಿ ಇರಲಿ. ವಾರ್ಡುಗಳು ನಾಳೆ 400 ಆದರೂ ಅದು ಕೆಡುವುದಿಲ್ಲ. ಕನ್ನಡದ ಆವೃತ್ತಿ ಇಂಗ್ಲಿಷ್‌ನದರ ಜತೆಗೇ ಬರಲಿ. ಇಡೀ ನಗರಕ್ಕೆ ಒಂದೇ ಸಭೆ ಮಾಡಿ ಕೈತೊಳೆದುಕೊಳ್ಳದೆ ಐದು ಪಾಲಿಕೆಗಳಲ್ಲೂ ಒಂದೊಂದು ಸಭೆ, ಭಾನುವಾರ ಅಥವಾ ಸಂಜೆ ಇಡಿ. ಆನೇಕಲ್, ಯಲಹಂಕದವರಿಗೆ ಅವರವರ ಊರಲ್ಲೇ ಆಗಲಿ. ಆಕ್ಷೇಪಣೆಗೆ ಕನಿಷ್ಠ 60 ದಿನ ಕೊಡಿ. ನಕ್ಷೆಯ ಕಡತಗಳು ಕರಡಿನ ಜತೆಗೇ ಸಿಗದಿದ್ದರೆ ಆ 60 ದಿನವನ್ನು ಕಡತ ಸಿಕ್ಕ ದಿನದಿಂದ ಎಣಿಸಬೇಕು, ರಾಜ್ಯಪತ್ರದ ದಿನಾಂಕದಿಂದ ಅಲ್ಲ.

ಇತಿ,
ಬೆಂಗಳೂರಿನ ಮತದಾರರ ಪಟ್ಟಿ ಮತ್ತು ವಾರ್ಡ್ ನಕ್ಷೆಗಳ ಮೇಲೆ ಕೆಲಸ ಮಾಡುವ ನಾಗರಿಕರು